ಸೂಜಿಯ ಮೊನೆಗೂ ಕಣ್ಣಿರಲಿ
ಬೆನ್ನುನೋವಿನ ಚುಚ್ಚುಮದ್ದನ್ನು ಕುರಿತು ಸದ್ಭಕ್ತ ಕುಟುಂಬಗಳಿಗೆ ಕೆಲವು ಮಾತು

ಬೆಳಗಿನ ಲಿಂಗಪೂಜೆಗೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲಾಗದೆ, ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ ಕುಳಿತು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು, ನೋವಿಗೆ ಹಲ್ಲು ಕಚ್ಚಿಕೊಳ್ಳುವ ಹಿರಿಯರನ್ನು ನಾವು ಕೋಲಾರ ಜಿಲ್ಲೆಯ ಮನೆಗಳಲ್ಲಿ ಅನೇಕ ಸಲ ಕಂಡಿದ್ದೇವೆ. ಪೂಜೆ ಮುಗಿದ ಮೇಲೆ ಅವರು ಕೇಳುವ ಮೊದಲ ಪ್ರಶ್ನೆ ಧರ್ಮವನ್ನು ಕುರಿತದ್ದಾಗಿರುವುದಿಲ್ಲ. “ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಬಹುದೇ?” ಎಂಬುದೇ ಆ ಪ್ರಶ್ನೆ.

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳು ಬೆನ್ನು ಬಗ್ಗಿಸಿ ದುಡಿದವರಿಂದ ಬೆಳೆದ ಊರುಗಳು. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯು ಇಲ್ಲಿಯ ಗಣಿಗಳನ್ನು ಕೈಗೆತ್ತಿಕೊಂಡಿತು. ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಗಣಿಗಳವರೆಗೆ 1894ರಲ್ಲಿ ರೈಲು ಹಾದಿ ಬಂದಿತು; 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿಯು ನೆಲದಡಿಗೆ ಮೂರು ಕಿಲೋಮೀಟರಿಗೂ ಆಳವಾಗಿ ಇಳಿಯಿತು. ಆ ಆಳದ ಬಿಸಿಯಲ್ಲಿ ಬಗ್ಗಿ, ತೆವಳಿ, ಕಲ್ಲು ಕೊರೆದು, ಅದಿರಿನ ಬಂಡಿ ತಳ್ಳಿದ ತಲೆಮಾರುಗಳ ಸೊಂಟ ಸುಮ್ಮನಿದ್ದೀತೆ? 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಅವರ ಮಕ್ಕಳು ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ನಿಲ್ದಾಣಗಳಲ್ಲಿ ಮುಂಜಾನೆಯೇ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ರಾತ್ರಿ ಹಿಂದಿರುಗುವ ಜೀವನಕ್ಕೆ ಹೊಂದಿಕೊಂಡರು. ತಂದೆಯ ಬೆನ್ನು ಗಣಿಯಲ್ಲಿ ಸವೆದರೆ ಮಗನ ಬೆನ್ನು ರೈಲಿನಲ್ಲಿ ಸವೆಯುತ್ತಿದೆ.

ನಾವು ವೈದ್ಯರಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಚನಸಾಹಿತ್ಯವನ್ನೂ ಓದಿ ಬೆಳೆದವರು. ಆದರೂ ಭಕ್ತರು ಮತ್ತೆ ಮತ್ತೆ ಕೇಳುತ್ತಿದ್ದುದರಿಂದ, ಬಲ್ಲ ವೈದ್ಯರನ್ನು ವಿಚಾರಿಸಿ, ಈ ವಿಷಯದಲ್ಲಿ ಪ್ರಕಟವಾದ ಸಂಶೋಧನೆಗಳನ್ನು ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಇದು ಚಿಕಿತ್ಸೆಯ ಆದೇಶವಲ್ಲ. ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕೆಂಬ ತಿಳಿವಳಿಕೆ ಮಾತ್ರ.

ಬಂಗಾರಪೇಟೆಯ ಒಂದು ಮನೆ

ಬಂಗಾರಪೇಟೆಯಲ್ಲಿ ದಿನಸಿ ಅಂಗಡಿ ನಡೆಸುವ ಒಂದು ಶರಣ ಕುಟುಂಬ. ಮನೆಯ ತಾಯಿಗೆ ಐವತ್ತೆಂಟು ವಯಸ್ಸು. ಸೊಂಟದಿಂದ ಹೊರಟ ನೋವು ಪಿರ್ರೆಯನ್ನು ದಾಟಿ, ತೊಡೆಯ ಹಿಂಭಾಗದಲ್ಲಿ ಇಳಿದು, ಪಾದದ ಬೆರಳಿನವರೆಗೆ ಮಿಂಚಿನಂತೆ ಹರಿಯುತ್ತಿತ್ತು. ಆಯುರ್ವೇದದವರು ಗೃಧ್ರಸಿ ಎನ್ನುವ, ಇಂದಿನ ವೈದ್ಯರು ಸಯಾಟಿಕಾ ಎನ್ನುವ ಬಾಧೆಯಿದು. ಎರಡು ತಿಂಗಳು ಮಾತ್ರೆ ನುಂಗಿಯೂ ಗುಣ ಕಾಣಲಿಲ್ಲ. ಆಗ ಒಂದು ನರ್ಸಿಂಗ್ ಹೋಮಿನಲ್ಲಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟರು. ಯಾವ ಯಂತ್ರವೂ ಇಲ್ಲ. ಬೆರಳಿನಿಂದ ಮೂಳೆಯನ್ನು ತಡವಿ ನೋಡಿ ಸೂಜಿ ಇಳಿಸಿದರು. ಅರ್ಧ ಗಂಟೆಯ ಕೆಲಸ. ಮರುದಿನದಿಂದ ಆ ತಾಯಿಗೆ ಎದ್ದು ನಿಂತರೆ ತಲೆ ಸಿಡಿಯುವಂತಹ ನೋವು. ಮಲಗಿದರೆ ಮಾತ್ರ ಶಮನ. ನಾಲ್ಕೈದು ದಿನಗಳಲ್ಲಿ ತಲೆನೋವು ಹೋಯಿತು, ಕಾಲುನೋವು ಹಾಗೆಯೇ ಉಳಿಯಿತು. ತಿಂಗಳ ನಂತರ ಎರಡನೆಯ ಸಲವೂ ಅದೇ ರೀತಿ ಕೊಟ್ಟರು. ಫಲ ಶೂನ್ಯ.

ಮೂರನೆಯದರ ಮಾತು ಬಂದಾಗ ಮಗನು ನಮ್ಮಲ್ಲಿಗೆ ಬಂದು, “ಅಯ್ಯನವರೇ, ಇನ್ನೊಂದು ಹಾಕಿಸೋಣವೇ? ಸೂಜಿ ಎಂದರೆ ಅಮ್ಮ ಈಗ ನಡುಗುತ್ತಾರೆ” ಎಂದನು.

ನಾವು ಒಂದೇ ಮಾತು ಕೇಳಿದೆವು: “ಔಷಧವು ನರದ ಬಳಿಗೆ ತಲುಪಿಯೂ ಕೆಲಸ ಮಾಡಲಿಲ್ಲವೋ, ಅಥವಾ ತಲುಪಲೇ ಇಲ್ಲವೋ?”

ಅವನಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿಯೂ ಉತ್ತರವಿರಲಿಲ್ಲ. ಚುಚ್ಚಿದ ವೈದ್ಯರಿಗೂ ಅದನ್ನು ತಿಳಿಯುವ ದಾರಿ ಇರಲಿಲ್ಲ. ಈ ಲೇಖನವೆಲ್ಲ ಹುಟ್ಟಿದ್ದು ಆ ಒಂದು ಪ್ರಶ್ನೆಯಿಂದಲೇ.

ಬೆನ್ನಿನೊಳಗೆ ಇರುವುದೇನು?

ನಮ್ಮ ಬೆನ್ನು ಒಂದರ ಮೇಲೊಂದು ಪೋಣಿಸಿದ ಮೂಳೆಮಣಿಗಳ ಸರ. ಮಣಿ ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ಮಣಿಗಳ ಹಿಂದಿನ ಕೊಳವೆಯಲ್ಲಿ ಬೆನ್ನುಹುರಿಯೂ, ಅದು ಮುಗಿದ ಮೇಲೆ ಕೆಳಗಿನ ನರಗಳ ಗೊಂಚಲೂ ಒಂದು ಪೊರೆಯೊಳಗೆ ನೀರಿನಲ್ಲಿ ತೇಲುತ್ತಿರುತ್ತವೆ. ಆ ಪೊರೆಗೂ ಮೂಳೆಯ ಕೊಳವೆಗೂ ನಡುವೆ, ಕೊಬ್ಬು ಮತ್ತು ಸಣ್ಣ ರಕ್ತನಾಳಗಳಿಂದ ತುಂಬಿದ, ಕೆಲವೇ ಮಿಲಿಮೀಟರು ಅಗಲದ ಒಂದು ಸಂದು ಇದೆ. ಇದೇ ಎಪಿಡ್ಯೂರಲ್ ಸ್ಥಳ. ಡಿಸ್ಕು ಉಬ್ಬಿ ನರವನ್ನು ಕೆಣಕಿದಾಗ ನರವು ಊದಿಕೊಂಡು ಉರಿಯುತ್ತದೆ. ಆ ಉರಿಯೂತವನ್ನು ಇಳಿಸಲು ಸ್ಟೀರಾಯ್ಡ್ ಔಷಧವನ್ನು, ಬಹುಮಟ್ಟಿಗೆ ಮರಗಟ್ಟಿಸುವ ಔಷಧದೊಂದಿಗೆ ಬೆರೆಸಿ, ಈ ಸಂದಿಗೆ ಸೇರಿಸುವುದೇ ಬೆನ್ನಿನ ಚುಚ್ಚುಮದ್ದು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1901ರಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಕಾತೆಲಿನ್ ಎಂಬ ವೈದ್ಯರು ಬೆನ್ನಿನ ತಳದ ಮೂಳೆಯ ರಂಧ್ರದ ಮೂಲಕ ಎಪಿಡ್ಯೂರಲ್ ಸ್ಥಳಕ್ಕೆ ಔಷಧ ಸೇರಿಸಿದರು. 1950ರ ದಶಕದಲ್ಲಿ ಯೂರೋಪಿನಲ್ಲಿ ಸ್ಟೀರಾಯ್ಡಿನ ಬಳಕೆ ಆರಂಭವಾಯಿತು. ಅಲ್ಲಿಂದ ಮುಂದೆ ಬಹುಕಾಲ ಇದೆಲ್ಲವೂ ಕೈಯ ಅಂದಾಜಿನಲ್ಲಿಯೇ ನಡೆಯಿತು.

ಕೈಯ ಅರಿವು ಮತ್ತು ಅದರ ಎಲ್ಲೆ

ಯಂತ್ರದ ನೆರವಿಲ್ಲದೆ ಕೊಡುವುದನ್ನು ವೈದ್ಯರೇ ‘ಕುರುಡು ವಿಧಾನ’ ಎನ್ನುತ್ತಾರೆ. ಹೆಸರು ಕಠೋರವಾಗಿದ್ದರೂ ಇದರಲ್ಲಿ ಅವಹೇಳನವಿಲ್ಲ. ವೈದ್ಯರು ಸೊಂಟದ ಎರಡು ಬದಿಯ ಮೂಳೆಯ ಏಣುಗಳನ್ನು ಬೆರಳಿನಿಂದ ಗುರುತಿಸಿ, ಅವುಗಳ ನೇರದಲ್ಲಿ ಯಾವ ಮಣಿ ಇದೆಯೆಂದು ಅಂದಾಜು ಮಾಡುತ್ತಾರೆ. ಗಾಳಿ ಅಥವಾ ಉಪ್ಪುನೀರು ತುಂಬಿದ ಸಿರಿಂಜನ್ನು ಮೆಲ್ಲನೆ ಒತ್ತುತ್ತ ಸೂಜಿಯನ್ನು ಮುಂದಕ್ಕೆ ಸರಿಸುತ್ತಾರೆ. ಗಟ್ಟಿಯಾದ ಹಳದಿ ತಂತುವನ್ನು ದಾಟಿದೊಡನೆ ಒತ್ತಡವು ಥಟ್ಟನೆ ಸಡಿಲವಾಗುತ್ತದೆ. ‘ಸಂದು ಸಿಕ್ಕಿತು’ ಎಂದು ಕೈಗೆ ತಿಳಿಯುತ್ತದೆ. ಹೆರಿಗೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ತಜ್ಞರು ಇಂದಿಗೂ ಈ ಕೈಚಳಕದಿಂದಲೇ ಅಸಂಖ್ಯ ತಾಯಂದಿರ ನೋವನ್ನು ನೀಗುತ್ತಿದ್ದಾರೆ.

ಹಾಗಿದ್ದರೆ ಬೆನ್ನುನೋವಿಗೆ ಮಾತ್ರ ಯಂತ್ರವೇಕೆ ಬೇಕು? ಇಲ್ಲಿ ಒಂದು ಸೂಕ್ಷ್ಮವಿದೆ. ಅರಿವಳಿಕೆ ಕೊಟ್ಟಾಗ ಸೂಜಿ ಸರಿಯಾದ ಜಾಗಕ್ಕೆ ಹೋಯಿತೇ ಎಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯುತ್ತದೆ. ಕಾಲು ಜೋಮು ಹಿಡಿಯುತ್ತದೆ, ನೋವು ನಿಲ್ಲುತ್ತದೆ. ನಿಲ್ಲದಿದ್ದರೆ ಕೂಡಲೇ ಸರಿಪಡಿಸಬಹುದು. ಸ್ಟೀರಾಯ್ಡಿನ ಕೆಲಸವಾದರೋ ನಿಧಾನವಾದುದು. ಅದು ದಾರಿತಪ್ಪಿ ಸ್ನಾಯುವಿನಲ್ಲಿ ಉಳಿದರೂ, ರಕ್ತನಾಳದಲ್ಲಿ ಹರಿದುಹೋದರೂ ಆ ಕ್ಷಣಕ್ಕೆ ಯಾವ ಕುರುಹೂ ತೋರದು. ವಾರಗಳು ಕಳೆದ ಮೇಲೆ ರೋಗಿಯು “ಗುಣವಾಗಲಿಲ್ಲ” ಎಂದಾಗ, ತಪ್ಪಿದ್ದು ಔಷಧವೋ ದಾರಿಯೋ ಎಂದು ಹೇಳುವವರು ಯಾರೂ ಇರುವುದಿಲ್ಲ. ಅಲ್ಲದೆ ಅರಿವಳಿಕೆಗೆ ಇಡೀ ಸೊಂಟದ ಕೆಳಭಾಗ ಮರಗಟ್ಟಿದರೆ ಸಾಕು. ಇಲ್ಲಿ ಔಷಧವು ನೊಂದ ಆ ಒಂದು ನರದ ಬುಡವನ್ನೇ ಮುಟ್ಟಬೇಕು.

ಅಂದಾಜು ಎಷ್ಟರಮಟ್ಟಿಗೆ ತಪ್ಪುತ್ತದೆ? 1980ರಲ್ಲಿ ಅಮೆರಿಕದ ವೈದ್ಯರು ಕೈಯಂದಾಜಿನಿಂದ ಇಳಿಸಿದ ಸೂಜಿಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 25ರಿಂದ 30 ಸೂಜಿಗಳು ತಪ್ಪು ಜಾಗದಲ್ಲಿದ್ದವು. 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಬೆನ್ನಿನ ತಳದ ರಂಧ್ರದಿಂದ ಕೊಡುವ ಚುಚ್ಚುಮದ್ದನ್ನು ಕುರಿತದ್ದು. ಹೊಸಬರ ಕೈಯಲ್ಲಿ ಸರಿಯಾಗಿ ಇಳಿದವು ಅರ್ಧಕ್ಕಿಂತ ಕಡಿಮೆ; ಬಹಳ ಅನುಭವವುಳ್ಳವರ ಕೈಯಲ್ಲಿಯೂ ನೂರಕ್ಕೆ ಸುಮಾರು 62 ಮಾತ್ರ. ಸೂಜಿ ಸರಿಯಾಗಿ ಇಳಿದು, ಹಿಂದಕ್ಕೆ ಎಳೆದಾಗ ರಕ್ತ ಬಾರದಿದ್ದರೂ, ನೂರಕ್ಕೆ ಸುಮಾರು 9 ಸಲ ಅದರ ಮೊನೆ ರಕ್ತನಾಳದೊಳಗಿತ್ತು. 2000ದಲ್ಲಿ ಇಂಗ್ಲೆಂಡಿನಲ್ಲಿ ಅರಿವಳಿಕೆ ತಜ್ಞರಿಗೆ, ಬೆನ್ನು ತಡವಿ ಇದು ಎಷ್ಟನೆಯ ಸಂದು ಹೇಳಿ ಎಂದು ಕೇಳಿ, ಎಂ.ಆರ್.ಐ. ಚಿತ್ರದೊಂದಿಗೆ ತಾಳೆನೋಡಿದರು. ನೂರಕ್ಕೆ 29 ಸಲ ಮಾತ್ರ ಅವರ ಮಾತು ಸರಿಯಾಗಿತ್ತು. ಇದು ಆ ವೈದ್ಯರ ಕೊರತೆಯಲ್ಲ. ಒಬ್ಬರ ಬೆನ್ನಿನಂತೆ ಇನ್ನೊಬ್ಬರದಿಲ್ಲ. ವಯಸ್ಸಾದಂತೆ ಮಣಿಗಳು ಸವೆದು ಸಂದುಗಳು ಕಿರಿದಾಗುತ್ತವೆ. ಮೈ ತುಂಬಿದವರಲ್ಲಿ ಮೂಳೆ ಬೆರಳಿಗೆ ಸಿಕ್ಕದು.

ಗಣಿಯ ದೀಪ

ನಮ್ಮ ಗಣಿಯ ಹಿರಿಯರನ್ನು ಕೇಳಿ ನೋಡಿ. ಮೂವತ್ತು ವರ್ಷ ಕಲ್ಲಿನೊಡನೆ ಬಾಳಿದವನಿಗೆ ಬಂಡೆಯನ್ನು ತಟ್ಟಿದರೆ ಅದರ ಗುಣ ತಿಳಿಯುತ್ತಿತ್ತು. ಆದರೂ ಟೋಪಿಗೆ ಸಿಕ್ಕಿಸಿದ ದೀಪವಿಲ್ಲದೆ ಅವನು ಕತ್ತಲಿನ ಸುರಂಗದಲ್ಲಿ ಒಂದು ಹೆಜ್ಜೆ ಇಡುತ್ತಿರಲಿಲ್ಲ. ದೀಪ ಹಿಡಿದದ್ದರಿಂದ ಅವನ ಕೈಯ ವಿದ್ಯೆಗೆ ಅವಮಾನವಾಯಿತೆಂದು ಯಾರೂ ಭಾವಿಸಲಿಲ್ಲ.

ಸೂಜಿಗೆ ಅಂತಹ ದೀಪವನ್ನು ಒದಗಿಸಿದ್ದು ಕ್ಷ-ಕಿರಣ. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಈ ಕಿರಣವನ್ನು ಇಂದು ‘ಸಿ-ಆರ್ಮ್’ ಎಂಬ ಯಂತ್ರದಲ್ಲಿ ಬಳಸುತ್ತಾರೆ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ ಇದರ ತೋಳು ಮಲಗಿದ ರೋಗಿಯ ಸುತ್ತ ತಿರುಗಿ, ಒಳಗಿನ ಮೂಳೆಯನ್ನೂ ಸೂಜಿಯನ್ನೂ ತೆರೆಯ ಮೇಲೆ ತೋರಿಸುತ್ತದೆ. ಮೂಳೆ ಮುರಿದವರಿಗೆ ಸಲಾಕೆ ಹಾಕುವ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬಳಸುವುದು ಇದೇ ಯಂತ್ರವನ್ನು. ಸೂಜಿ ಸರಿಯಾದ ಜಾಗಕ್ಕೆ ಬಂದಂತೆ ಕಂಡಾಗ ವೈದ್ಯರು ಮೊದಲು ಔಷಧವನ್ನು ಬಿಡುವುದಿಲ್ಲ. ಕ್ಷ-ಕಿರಣದಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವವನ್ನು ಒಂದೆರಡು ಹನಿ ಬಿಡುತ್ತಾರೆ. ಅದು ನರದ ಗುಂಟ ಗೆರೆಯೆಳೆದಂತೆ ಹರಡಿದರೆ ಜಾಗ ಸರಿ. ಥಟ್ಟನೆ ಹರಿದು ಮಾಯವಾದರೆ ಸೂಜಿ ರಕ್ತನಾಳದಲ್ಲಿದೆ. ಪೊರೆಯೊಳಗಿನ ನೀರಿನಲ್ಲಿ ಬೆರೆತರೆ ಸೂಜಿ ಅಳತೆ ಮೀರಿ ಹೋಗಿದೆ. ಹೀಗೆ ತಪ್ಪು ತಿಳಿಯುವುದು ಔಷಧ ಒಳಹೋಗುವ ಮುನ್ನವೇ ಹೊರತು ವಾರಗಳ ನಂತರವಲ್ಲ.

ಇದು ಕೇವಲ ಅನುಕೂಲದ ಮಾತಲ್ಲ, ಪ್ರಾಣದ ಮಾತು. ನರವು ಹೊರಬರುವ ಕಿಂಡಿಯ ಮೂಲಕ ಕೊಡುವ ಚುಚ್ಚುಮದ್ದಿನಲ್ಲಿ, ಬೆನ್ನುಹುರಿಗೆ ರಕ್ತ ಒಯ್ಯುವ ಅಪಧಮನಿಯೊಂದು ಆ ಕಿಂಡಿಯಲ್ಲಿಯೇ ಇರಬಹುದು. ಹರಳುಹರಳಾದ ಸ್ಟೀರಾಯ್ಡ್ ಅದರೊಳಗೆ ಹೋದರೆ ರಕ್ತದ ದಾರಿ ಕಟ್ಟಿ ಕಾಲಿನ ಸ್ವಾಧೀನ ತಪ್ಪಬಹುದು. ಕುತ್ತಿಗೆಯಲ್ಲಾದರೆ ಮೆದುಳಿಗೇ ಆಘಾತವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2014ರ ಏಪ್ರಿಲಿನಲ್ಲಿ ಈ ಅಪರೂಪದ, ಆದರೆ ಘೋರವಾದ ಅಪಾಯಗಳನ್ನು ಕುರಿತು ಎಚ್ಚರಿಕೆ ನೀಡಿತು. ಮರುವರ್ಷ ಆ ದೇಶದ ತಜ್ಞ ಸಂಘಗಳು ಕೂಡಿ, ಕುತ್ತಿಗೆಯ ಎಪಿಡ್ಯೂರಲ್ ಚುಚ್ಚುಮದ್ದುಗಳನ್ನೂ ನರದ ಕಿಂಡಿಯ ಮೂಲಕ ಕೊಡುವವುಗಳನ್ನೂ ಚಿತ್ರದ ನೆರವಿನಿಂದ, ಕಾಂಟ್ರಾಸ್ಟ್ ಹರಿಸಿ ನೋಡಿಯೇ ಕೊಡಬೇಕೆಂದು ಸಲಹೆ ಮಾಡಿದವು.

ಅಲ್ಟ್ರಾಸೌಂಡ್ ಯಂತ್ರದಿಂದಲೂ ಕೆಲವು ಚುಚ್ಚುಮದ್ದುಗಳಿಗೆ ದಾರಿ ನೋಡಬಹುದು. ಅದರಲ್ಲಿ ಕಿರಣದ ಭಯವಿಲ್ಲ. ಆದರೆ ಅದು ಮೂಳೆಯನ್ನು ದಾಟಿ ನೋಡಲಾರದು. ಮೇಲಾಗಿ ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಬಂದ ಕಾನೂನಿನಂತೆ ನಮ್ಮ ದೇಶದಲ್ಲಿ ಆ ಯಂತ್ರಕ್ಕೆ ನೋಂದಣಿ ಕಡ್ಡಾಯ. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಆ ಕಟ್ಟುಪಾಡನ್ನು ಗೌರವಿಸಬೇಕಾದುದು ನಮ್ಮ ಧರ್ಮವೇ. ಆದ್ದರಿಂದ ನೋವಿನ ಚಿಕಿತ್ಸೆಗೂ ನೋಂದಾಯಿತ ಯಂತ್ರವೇ ಆಗಿರಬೇಕು.

ಬಂಗಾರಪೇಟೆಯ ಆ ತಾಯಿಯನ್ನು ಮಗನು ಬೆಂಗಳೂರಿಗೆ ಕರೆದುಕೊಂಡು ಹೋದನು. ಅಲ್ಲಿ ಸಿ-ಆರ್ಮ್ ಅಡಿಯಲ್ಲಿ ಚುಚ್ಚುಮದ್ದು ಕೊಟ್ಟ ವೈದ್ಯರು ಕಾಂಟ್ರಾಸ್ಟ್ ಹರಿದ ಚಿತ್ರವನ್ನು ಚೀಟಿಯೊಂದಿಗೆ ಇಟ್ಟುಕೊಟ್ಟರು. ಹತ್ತು ದಿನಗಳಲ್ಲಿ ಕಾಲುನೋವು ಅರ್ಧಕ್ಕೆ ಇಳಿಯಿತು. ನಾಲ್ಕು ತಿಂಗಳ ನಂತರ ಸ್ವಲ್ಪ ಮರುಕಳಿಸಿದರೂ ಅಷ್ಟರಲ್ಲಿ ಅವರು ನಡಿಗೆಯನ್ನೂ ಹೇಳಿಕೊಟ್ಟ ವ್ಯಾಯಾಮವನ್ನೂ ರೂಢಿಸಿಕೊಂಡಿದ್ದರು. ಮತ್ತೆ ಸೂಜಿ ಬೇಕಾಗಲಿಲ್ಲ. ಒಂದು ಮನೆಯ ಅನುಭವದಿಂದ ಎಲ್ಲರಿಗೂ ಹೀಗೆಯೇ ಆಗುವುದೆಂದು ನಾವು ಹೇಳುವುದಿಲ್ಲ. ಗುಣವಾಗದಿದ್ದರೂ, “ಔಷಧ ತಲುಪಿತ್ತು” ಎಂಬಷ್ಟನ್ನು ಆ ಚಿತ್ರ ಹೇಳುತ್ತಿತ್ತು; ಮುಂದಿನ ದಾರಿಯನ್ನು ವೈದ್ಯರು ಅದರ ಮೇಲೆ ನಿರ್ಧರಿಸಬಹುದಿತ್ತು. ಮೂರನೆಯ, ನಾಲ್ಕನೆಯ ಕುರುಡು ಸೂಜಿಯಾದರೂ ತಪ್ಪುತ್ತಿತ್ತು.

ದೀಪವು ಚಿನ್ನವನ್ನು ಸೃಷ್ಟಿಸದು

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನು ಮರೆಮಾಚಬಾರದು. ಗಣಿಯ ದೀಪ ದಾರಿಯನ್ನು ತೋರೀತೇ ಹೊರತು ಇಲ್ಲದ ಚಿನ್ನವನ್ನು ಉಂಟುಮಾಡದು. ಹಾಗೆಯೇ ಚಿತ್ರವು ಸೂಜಿಯನ್ನು ಸರಿಯಾದ ಜಾಗಕ್ಕೆ ಒಯ್ಯುತ್ತದೆ. ಔಷಧಕ್ಕೆ ಇಲ್ಲದ ಶಕ್ತಿಯನ್ನು ಕೊಡದು. ಚಿತ್ರ ನೋಡಿ ಕೊಟ್ಟವರಿಗೆ ನೋವು ಹೆಚ್ಚು ಇಳಿಯಿತೆಂದು ಎರಡು ವಿಧಾನಗಳನ್ನು ಹೋಲಿಸಿದ ಅಧ್ಯಯನಗಳೆಲ್ಲವೂ ಒಂದೇ ದನಿಯಲ್ಲಿ ಹೇಳಿಲ್ಲ.

ಸ್ಟೀರಾಯ್ಡಿನ ಫಲವೂ ಮಿತವಾದುದು. ಸಾವಿರಾರು ರೋಗಿಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಸಯಾಟಿಕಾದ ಕಾಲುನೋವಿನಲ್ಲಿ ಈ ಚುಚ್ಚುಮದ್ದಿನಿಂದ ಅಲ್ಪಕಾಲ ಸ್ವಲ್ಪ ಉಪಶಮನ ದೊರೆಯುತ್ತದೆ. ಅದೂ ನೂರು ಅಂಕದ ಅಳತೆಯಲ್ಲಿ ಸರಾಸರಿ ಐದು ಅಂಕಗಳಷ್ಟು. ವಯೋಸಹಜವಾಗಿ ಕೊಳವೆ ಕಿರಿದಾಗಿ ನಡೆಯಲಾಗದವರ ಮೇಲೆ ಅಮೆರಿಕದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ 400 ಜನರ ಪರೀಕ್ಷೆಯಲ್ಲಿ, ಸ್ಟೀರಾಯ್ಡ್ ಬೆರೆಸಿದ್ದಕ್ಕೂ ಬರಿಯ ಮರಗಟ್ಟಿಸುವ ಔಷಧಕ್ಕೂ ಆರು ವಾರಗಳ ನಂತರ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ 2016ರ ಮಾರ್ಗಸೂಚಿಯು, ಕಾಲಿಗಿಳಿಯದ ಬರಿಯ ಸೊಂಟನೋವಿಗೆ ಬೆನ್ನಿನ ಚುಚ್ಚುಮದ್ದು ಬೇಡವೆಂದೂ, ಹೊಸದಾಗಿ ಬಂದ ತೀವ್ರವಾದ ಸಯಾಟಿಕಾದಲ್ಲಿ ಅದನ್ನು ಯೋಚಿಸಬಹುದೆಂದೂ ಹೇಳಿತು. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು, ಮೂರು ತಿಂಗಳು ಮೀರಿದ ಹಳೆಯ ಬೆನ್ನುನೋವಿಗೆ ಇಂತಹ ಚುಚ್ಚುಮದ್ದುಗಳೇ ಬೇಡವೆಂಬವರೆಗೆ ಹೋಯಿತು. ಇದನ್ನು ಒಪ್ಪದ ತಜ್ಞರೂ ಇದ್ದಾರೆ.

ಆದುದರಿಂದ ‘ಯಂತ್ರವಿದೆ, ಆದ್ದರಿಂದ ಸೂಜಿ ಹಾಕಿಸೋಣ’ ಎಂಬುದು ‘ಯಂತ್ರವಿಲ್ಲದಿದ್ದರೂ ಸರಿ, ಸೂಜಿ ಹಾಕಿಸೋಣ’ ಎಂಬುದರಷ್ಟೇ ತಪ್ಪು. ಡಿಸ್ಕಿನಿಂದಾದ ಕಾಲುನೋವು ಬಹುಮಂದಿಗೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಆ ತನಕ ನಡೆದಾಡಿಸಿಕೊಂಡು ಇರಲು, ನಿದ್ರೆ ಬರಲು, ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಕೆಲವರಿಗೆ ಚುಚ್ಚುಮದ್ದು ಸೇತುವೆಯಾಗಬಲ್ಲದು. ಸೇತುವೆಯನ್ನೇ ಊರೆಂದು ತಿಳಿಯಬಾರದು.

ಸೂಜಿಗೆ ಮುಂಚಿನ ಕಣ್ಣು

ಇನ್ನು ಎರಡನೆಯ ಮನೆಯ ಮಾತು. ರಾಬರ್ಟ್‌ಸನ್‌ಪೇಟೆಯಲ್ಲಿ ಗಣಿಯಿಂದ ನಿವೃತ್ತರಾದ ಒಬ್ಬ ಹಿರಿಯರು. ಎಪ್ಪತ್ತು ದಾಟಿದವರು. ದೂಳಿನಲ್ಲಿ ದುಡಿದ ಎದೆ. ಮೊದಲಿನಿಂದಲೂ ಕೆಮ್ಮು, ಏದುಸಿರು. ಮೂರು ತಿಂಗಳಿಂದ ನಡುಬೆನ್ನಿನಲ್ಲಿ ನೋವು, ರಾತ್ರಿ ಹೆಚ್ಚು. ಸಂಜೆ ಸಣ್ಣ ಜ್ವರ, ಮೈ ಇಳಿದಿತ್ತು. ಪಕ್ಕದ ಮನೆಯವರಿಗೆ ಸೂಜಿಯಿಂದ ಗುಣವಾಯಿತೆಂದು ಕೇಳಿ, ಮನೆಯವರು ತಮ್ಮವರಿಗೂ ಹಾಕಿಸಲು ಹೊರಟಿದ್ದರು. ಒಬ್ಬ ವೃದ್ಧ ವೈದ್ಯರು ಅವರನ್ನು ತಡೆದು, “ಸೂಜಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಬೆನ್ನಿನ ಚಿತ್ರ ತೆಗೆಸಿಕೊಂಡು ಬನ್ನಿ” ಎಂದರು. ಚಿತ್ರವೂ ಮುಂದಿನ ಪರೀಕ್ಷೆಗಳೂ ತೋರಿಸಿದ್ದು ಬೆನ್ನುಮಣಿಯ ಕ್ಷಯವನ್ನು.

ಚಿನ್ನದ ಗಣಿಯ ಮನೆಗಳು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. 1940ರ ದಶಕದಲ್ಲಿ ಇಲ್ಲಿಯ 7653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲುದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಕಂಡುಬಂದಿತ್ತು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಕ್ಷಯವು ಎದೆಯಿಂದ ಬೆನ್ನುಮೂಳೆಗೂ ಹರಡಬಲ್ಲದು. ಸ್ಟೀರಾಯ್ಡ್ ದೇಹದ ರಕ್ಷಣಾಶಕ್ತಿಯನ್ನು ಕುಗ್ಗಿಸುವುದರಿಂದ, ಅಂತಹ ಬೆನ್ನಿಗೆ ಅದನ್ನು ಕೊಟ್ಟರೆ ಉರಿಯುವ ಮನೆಯ ಬಾಗಿಲು ತೆರೆದಂತಾಗುತ್ತದೆ. ಆ ಹಿರಿಯರಿಗೆ ಸೂಜಿ ಬೀಳಲಿಲ್ಲ. ಸರ್ಕಾರದ ಕ್ಷಯ ನಿವಾರಣಾ ಕಾರ್ಯಕ್ರಮದಲ್ಲಿ ಉಚಿತವಾಗಿ ದೊರೆಯುವ ಔಷಧವನ್ನು ಒಂದು ವರ್ಷಕ್ಕೂ ಮೇಲೆ ತಪ್ಪದೆ ಸೇವಿಸಿದರು. ಇಂದು ಕೋಲು ಹಿಡಿದು ತಾವೇ ಬೀದಿಯ ತುದಿಯವರೆಗೆ ನಡೆಯುತ್ತಾರೆ.

ಆದುದರಿಂದ ಚಿತ್ರದ ಕೆಲಸ ಎರಡು. ಸೂಜಿಯ ದಾರಿಯನ್ನು ತೋರುವುದು ಒಂದು. ಅದಕ್ಕಿಂತ ಮೊದಲು, ಸೂಜಿ ಬೇಕೇ ಬೇಡವೇ ಎಂಬುದನ್ನು ತಿಳಿಸುವುದು ಇನ್ನೊಂದು. ಹಾಗೆಂದು ಬೆನ್ನು ನೋಯ್ದ ದಿನವೇ ಎಂ.ಆರ್.ಐ. ಮಾಡಿಸಲು ಓಡಬೇಕಾಗಿಲ್ಲ. ಚಿತ್ರವೂ ಮೋಸಗೊಳಿಸಬಲ್ಲದು. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 30 ಮಂದಿಗೆ, ಎಂಬತ್ತರವರಲ್ಲಿ 84 ಮಂದಿಗೆ ಡಿಸ್ಕು ಉಬ್ಬಿತ್ತು. ನಮ್ಮ ಶರಣ ಪರಂಪರೆಯಲ್ಲಿ ಕುರುಹು ಮತ್ತು ಅರಿವು ಎಂಬ ಎರಡು ಮಾತುಗಳಿವೆ. ಕುರುಹು ಅರಿವಿಗೆ ದಾರಿ. ಕುರುಹನ್ನೇ ಅರಿವೆಂದು ಭ್ರಮಿಸಿದರೆ ಸಾಧಕನು ಅಲ್ಲಿಯೇ ನಿಲ್ಲುತ್ತಾನೆ. ಚಿತ್ರವೆಂಬುದು ಕುರುಹು. ರೋಗಿಯ ಮಾತನ್ನು ಕೇಳಿ, ಮೈಮುಟ್ಟಿ ಪರೀಕ್ಷಿಸಿ, ಚಿತ್ರದೊಂದಿಗೆ ತಾಳೆನೋಡುವ ವೈದ್ಯರ ವಿವೇಕವೇ ಅರಿವು. ಎರಡೂ ಕೂಡಿದಲ್ಲಿ ಚಿಕಿತ್ಸೆ.

ವೈದ್ಯರನ್ನು ಕೇಳಬೇಕಾದುದು

ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂದು ನಮ್ಮ ಹಿರಿಯರು ಸಂಕೋಚಪಡುತ್ತಾರೆ. ಅನುಭವ ಮಂಟಪದಲ್ಲಿ ಗುರುವನ್ನೂ ಪ್ರಶ್ನಿಸಿ ತಿಳಿದ ಪರಂಪರೆ ನಮ್ಮದು. ವಿನಯದಿಂದ ಹೀಗೆ ಕೇಳಬಹುದು:

1. ನನ್ನ ನೋವಿಗೆ ಕಾರಣವೇನೆಂದು ತಮಗೆ ನಿಶ್ಚಯವಾಗಿದೆಯೇ? ಚುಚ್ಚುಮದ್ದಿಲ್ಲದೆ ಇನ್ನಷ್ಟು ದಿನ ಕಾಯಬಹುದೇ?
2. ಸೂಜಿಯನ್ನು ಸಿ-ಆರ್ಮ್ ಅಥವಾ ಬೇರೆ ಚಿತ್ರದ ನೆರವಿನಿಂದ ಇಳಿಸುವಿರೇ? ಕಾಂಟ್ರಾಸ್ಟ್ ಹರಿಸಿ ನೋಡುವಿರೇ? ಆ ಚಿತ್ರದ ಪ್ರತಿಯನ್ನು ಕೊಡುವಿರೇ?
3. ಯಾವ ಔಷಧ, ಎಷ್ಟು ಪ್ರಮಾಣ? ಇದನ್ನು ಚೀಟಿಯಲ್ಲಿ ಬರೆದುಕೊಡುವಿರೇ?
4. ಮೊದಲ ಸಲ ಫಲ ಕಾಣದಿದ್ದರೆ ಮುಂದೇನು? ಫಲ ಕೊಡದ ಸೂಜಿಯನ್ನು ಸುಮ್ಮನೆ ಮತ್ತೆ ಮತ್ತೆ ಹಾಕಿಸಬಾರದು. ಫಲ ಕಂಡರೂ ವರ್ಷಕ್ಕೆ ಮೂರು ನಾಲ್ಕನ್ನು ಮೀರಬಾರದೆಂಬುದು ಸಾಮಾನ್ಯ ರೂಢಿ.

ತಾವೂ ಕೆಲವು ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು. ಸಕ್ಕರೆ ಕಾಯಿಲೆಯಿದ್ದರೆ ತಪ್ಪದೆ ತಿಳಿಸಬೇಕು. ಸ್ಟೀರಾಯ್ಡಿನಿಂದ ಕೆಲವು ದಿನ ಸಕ್ಕರೆಯ ಮಟ್ಟ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಜ್ವರವಿದ್ದರೆ, ಯಾವುದಾದರೂ ಔಷಧ ಒಗ್ಗದಿದ್ದರೆ, ಹೆಣ್ಣುಮಕ್ಕಳು ಗರ್ಭಿಣಿಯರಾಗಿರುವ ಸಂಭವವಿದ್ದರೆ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಸಿ-ಆರ್ಮ್‌ನಲ್ಲಿ ರೋಗಿಗೆ ತಗಲುವ ಕಿರಣ ಅಲ್ಪವೇ. ದಿನವೂ ಅಲ್ಲಿ ನಿಲ್ಲುವ ಸಿಬ್ಬಂದಿ ಸೀಸದ ಉಡುಪು ಧರಿಸಿರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ.

ಕೊನೆಯದಾಗಿ, ಮನೆಯ ಗೋಡೆಯ ಮೇಲೆ ಬರೆದಿಡಬೇಕಾದ ಮಾತು. ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಾದರೆ, ಕಾಲಿನ ಬಲ ಕುಸಿಯುತ್ತಿದ್ದರೆ, ಚುಚ್ಚುಮದ್ದಿನ ಅನಂತರ ಜ್ವರವೋ ತಾಳಲಾರದ ನೋವೋ ಬಂದರೆ, ಬೆಳಗಾಗಲೆಂದು ಕಾಯಬಾರದು. ಆ ರಾತ್ರಿಯೇ ಕೋಲಾರದ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಬಂಗಾರಪೇಟೆಯಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರಿನ ಆಸುಪಾಸು. ನೋಯುವ ಬೆನ್ನಿಗೆ ಅದು ದೀರ್ಘ ಪ್ರಯಾಣವೇ, ಖರ್ಚೂ ಉಂಟು. ಹತ್ತಿರದಲ್ಲಿಯೇ ಅರ್ಧ ಗಂಟೆಯಲ್ಲಿ ಮುಗಿಯುವ ಸೂಜಿ ಕೈಬೀಸಿ ಕರೆಯುವುದು ಸಹಜ. ಆದರೆ ಬಡವನ ದುಡ್ಡು ಹೆಚ್ಚಾಗಿ ಪೋಲಾಗುವುದು ಫಲವಿಲ್ಲದ ಅಗ್ಗದ ಚಿಕಿತ್ಸೆಯ ಪುನರಾವರ್ತನೆಯಲ್ಲಿ. ನಮ್ಮ ಸಮಾಜದ ಸಂಘಗಳು ದಾಸೋಹದ ಜೊತೆಗೆ, ಇಂತಹ ರೋಗಿಯೊಬ್ಬರನ್ನು ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯುವ ಒಬ್ಬ ತರುಣನನ್ನು ಒದಗಿಸಿದರೆ ಅದೂ ಜಂಗಮಸೇವೆಯೇ.

ಕಾಯವಿದ್ದರೆ ಕಾಯಕ. ಕಾಯಕಕ್ಕೆ ಬೆನ್ನೇ ಆಧಾರಸ್ತಂಭ. ಆ ಸ್ತಂಭದೊಳಗೆ ಯಾರಾದರೂ ಸೂಜಿ ಇಳಿಸುವ ಮುನ್ನ ಕಾಯಿಲೆಯನ್ನು ಕಂಡಿದ್ದಾರೆಯೇ, ಸೂಜಿಯನ್ನು ಕಾಣಬಲ್ಲರೇ ಎಂದು ಕೇಳಿ ತಿಳಿಯುವುದು ಪ್ರತಿಯೊಬ್ಬ ಭಕ್ತನ ಹಕ್ಕು ಮಾತ್ರವಲ್ಲ, ದೇಹವನ್ನು ಕೊಟ್ಟ ದೇವನಿಗೆ ಸಲ್ಲಿಸಬೇಕಾದ ಕರ್ತವ್ಯವೂ ಹೌದು. ಎಲ್ಲ ಮನೆಗಳ ಹಿರಿಯರೂ ಬೆನ್ನು ನೆಟ್ಟಗೆ ಮಾಡಿ ಲಿಂಗಪೂಜೆಗೆ ಕುಳಿತುಕೊಳ್ಳುವಂತಾಗಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.